ಹೊನ್ನನ ಸ್ನಾನ



ಎರಡು ತಿಂಗಳಿಂದ ಈ ಪುಟದಲ್ಲಿ ಏನನ್ನೂ ಬರೆದಿಲ್ಲವೆಂದು ನಿಮ್ಮಲ್ಲಿ ಕೆಲವರು ದೂರವಾಣಿ ಮಾಡಿ ಆಕ್ಷೇಪಿಸಿದ್ದೀರಿ. ‘ಮೇಷ್ಟ್ರಿಗೆ ಆರೋಗ್ಯ ಸರಿಯಿಲ್ಲವೇನೋ’ ಎಂದು ಒಬ್ಬರು ಮನೆಯ ತನಕ ಬಂದು ನೋಡಿಕೊಂಡೂ ಹೋದರು. ಆರೋಗ್ಯಕ್ಕೇನೂ ಆಗಿಲ್ಲ. ನಮ್ಮ ಮನೆಯ ನಾಯಿಯ ಚರ್ಮರೋಗದ ಬಗ್ಗೆ ಬರೆಯಬೇಕೆಂದು ಕುಳಿತಾಗಲೆಲ್ಲ ಬರಹವು ನಾಯಿಯನ್ನು ಬಿಟ್ಟು ಬೇರೊಬ್ಬನ ಕಡೆಗೆ ಹೋಗಿಬಿಡುತ್ತಿತ್ತು. ಆತನ ಒಪ್ಪಿಗೆಯಿಲ್ಲದೆ ಬರೆಯುವುದು ಸರಿಯಲ್ಲವೆಂದು ನಿಲ್ಲಿಸಿದ್ದೆ. ಈಗ ಒಪ್ಪಿಗೆ ದೊರೆತಿದೆ. ಮೊದಲು ನಾಯಿಯ ವಿಷಯವನ್ನೇ ಹೇಳುತ್ತೇನೆ.

ನಿವೃತ್ತಿಯ ನಂತರ ನಾವು ಸತ್ಯಮಂಗಲದಲ್ಲಿ ನೆಲೆಸಿರುವುದು ನಿಮಗೆಲ್ಲ ತಿಳಿದದ್ದೇ. 2020ರಲ್ಲಿ, ಎಲ್ಲರೂ ಮನೆಯೊಳಗೇ ಕೂಡಿಬಿದ್ದಿದ್ದ ಆ ದಿನಗಳಲ್ಲಿ, ಬೆಂಗಳೂರಿನಲ್ಲಿರುವ ನನ್ನ ಮಗ ಮೊಮ್ಮಗನ ಹಟಕ್ಕೆ ಸೋತು ಗೋಲ್ಡನ್ ರಿಟ್ರೀವರ್ ತಳಿಯ ಒಂದು ಮರಿಯನ್ನು ಕೊಂಡನು. ಅದಕ್ಕೆ ತೆತ್ತ ಹಣವನ್ನು ಇಲ್ಲಿ ಬರೆದರೆ ನಮ್ಮ ಗುಬ್ಬಿಯ ಕಡೆಯ ಬಂಧುಗಳು ಒಂದು ಜೊತೆ ಹೋರಿಗಳ ಲೆಕ್ಕ ಹಾಕಿ ನಗುತ್ತಾರೆ, ಆದುದರಿಂದ ಬರೆಯುವುದಿಲ್ಲ. ಮರುವರ್ಷ ಮಗ, ಸೊಸೆ ಇಬ್ಬರಿಗೂ ಕಚೇರಿಗೆ ಹೋಗಲೇಬೇಕಾಯಿತು. ಆರನೆಯ ಮಹಡಿಯ ಮನೆಯಲ್ಲಿ ನಾಯಿಯೊಂದೇ ಉಳಿಯಿತು. ‘ಅಪ್ಪಾ, ಸ್ವಲ್ಪ ದಿನ ನಿಮ್ಮ ಹತ್ತಿರ ಇರಲಿ’ ಎಂದು ತಂದು ಬಿಟ್ಟುಹೋದನು. ಆ ‘ಸ್ವಲ್ಪ ದಿನ’ ಇನ್ನೂ ಮುಗಿದಿಲ್ಲ. ಅದಕ್ಕೆ ಅವರು ಇಟ್ಟಿದ್ದ ಇಂಗ್ಲಿಷ್ ಹೆಸರು ನಮ್ಮ ಮನೆಯವರ ನಾಲಗೆಗೆ ಹೊರಳಲಿಲ್ಲ. ಬಣ್ಣ ನೋಡಿ ನಾನು ‘ಹೊನ್ನ’ ಎಂದು ಕರೆದೆ. ಮೂರನೆಯ ದಿನಕ್ಕೆ ಆ ಹೆಸರಿಗೆ ಓಗೊಡತೊಡಗಿತು.

ನಮ್ಮ ಮನೆಯ ನಡುಮನೆಗೆ ಹಳೆಯ ಕಾಲದ ರೆಡ್ ಆಕ್ಸೈಡ್ ನೆಲವನ್ನೇ ಹಟ ಹಿಡಿದು ಹಾಕಿಸಿದ್ದೇನೆ. ಆ ಕೆಂಪು ನೆಲದ ಮೇಲೆ ಹೊನ್ನ ಮಲಗೆದ್ದ ಜಾಗದಲ್ಲೆಲ್ಲ ತೆಳು ಅವಲಕ್ಕಿಯನ್ನು ಚೆಲ್ಲಿದಂತೆ ಬಿಳಿಯ ಹಕ್ಕಳೆಗಳು ಬಿದ್ದಿರುತ್ತಿದ್ದವು. ಮೊದಲು ಬೇಸಿಗೆಯ ಒಣ ಹವೆಯಿಂದ ಹೀಗಾಗಿರಬಹುದೆಂದು ಎಣಿಸಿದೆವು. ಮಳೆ ಬಂತು, ಹಕ್ಕಳೆ ನಿಲ್ಲಲಿಲ್ಲ. ಬೆನ್ನಿನ ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಬುಡದಲ್ಲಿ ಬಿಳಿ, ಬೂದು ಬಣ್ಣದ ದೊಡ್ಡ ದೊಡ್ಡ ಪೊರೆಗಳು ಕೂದಲಿಗೆ ಅಂಟಿಕೊಂಡಿದ್ದವು. ಹೊಟ್ಟೆಯ ಚರ್ಮ ಕಪ್ಪಾಗಿ, ಉಜ್ಜುಕಾಗದದಂತೆ ಒರಟಾಗಿತ್ತು. ಮುಖ, ಮೂಗು, ಪಾದಗಳು ಮಾತ್ರ ಏನೂ ಆಗದಂತೆ ಚೊಕ್ಕಟವಾಗಿದ್ದವು. ವಿಚಿತ್ರವೆಂದರೆ ಹೊನ್ನನಿಗೆ ತುರಿಕೆಯೇ ಇರಲಿಲ್ಲ. ಕಜ್ಜಿ ಹಿಡಿದ ನಾಯಿ ಹಗಲೂ ರಾತ್ರಿ ಕೆರೆದುಕೊಳ್ಳುತ್ತದೆ. ಇವನು ತಿಂದುಂಡು ಆಡಿಕೊಂಡಿದ್ದನು. ವಿಜ್ಞಾನದ ಮೇಷ್ಟ್ರಾಗಿದ್ದವನು ಈ ಒಂದು ಅಂಶವನ್ನು ಹಿಡಿದು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಬದಲಿಗೆ ಎಣ್ಣೆಯ ಸೀಸೆಗೆ ಕೈಹಾಕಿದೆ.

ಗುಬ್ಬಿ ತಾಲ್ಲೂಕಿನ ನಮ್ಮ ಊರಿನಲ್ಲಿ ಹೊಲದ ಬದುಗಳಲ್ಲೆಲ್ಲ ಹೊಂಗೆಯ ಮರಗಳಿದ್ದವು. ಬೀಜ ಆರಿಸಿ ಗಾಣಕ್ಕೆ ಕೊಟ್ಟು ತಂದ ಎಣ್ಣೆ ದೀಪಕ್ಕೂ ಆಗುತ್ತಿತ್ತು, ಎತ್ತಿನ ಹೆಗಲಿನ ಹುಣ್ಣಿಗೂ ಆಗುತ್ತಿತ್ತು, ನಮ್ಮ ಕಜ್ಜಿಗೂ ಆಗುತ್ತಿತ್ತು. ತಂದೆಯವರು ಗರಿ ಅದ್ದಿ ಎಣ್ಣೆ ಹಚ್ಚುತ್ತಿದ್ದ ಚಿತ್ರ ಇನ್ನೂ ಕಣ್ಣ ಮುಂದಿದೆ. ಆ ಭಕ್ತಿಯಿಂದ ಹೊನ್ನನಿಗೆ ನೆತ್ತಿಯಿಂದ ಬಾಲದ ತನಕ ಹೊಂಗೆಯೆಣ್ಣೆ ಬಳಿದೆ. ಎರಡು ದಿನ ಮನೆಯಲ್ಲಿ ಊಟ ಸೇರದಷ್ಟು ವಾಸನೆ. ಹೊನ್ನನು ಮೈಯನ್ನೆಲ್ಲ ನೆಕ್ಕಿ, ಮೂರು ಬಾರಿ ವಾಂತಿ ಮಾಡಿ, ನನ್ನನ್ನು ಕಂಡರೆ ಮಂಚದ ಕೆಳಗೆ ಸೇರುವಂತಾಯಿತು. ಆಮೇಲೆ ನಮ್ಮ ಮನೆಯವರ ಸರದಿ. ತಿಪಟೂರಿನ ಕೊಬ್ಬರಿಯ ಎಣ್ಣೆ ಹಚ್ಚಿದರು. ಅದು ವಿಷವಲ್ಲ, ಆದರೆ ಹಿತ್ತಲಿನ ಧೂಳೆಲ್ಲ ಮೈಗೆ ಮೆತ್ತಿಕೊಂಡು ಚಿನ್ನದ ಬಣ್ಣದ ನಾಯಿ ಹುತ್ತದ ಬಣ್ಣಕ್ಕೆ ತಿರುಗಿತು. ಆ ಜಿಡ್ಡನ್ನು ತೆಗೆಯಲು ಸೀಗೆಪುಡಿ ಹಾಕಿ ಉಜ್ಜಿದೆವು. ಇದ್ದಬದ್ದ ಪಸೆಯೂ ಹೋಗಿ ಹಕ್ಕಳೆ ಇಮ್ಮಡಿಯಾಯಿತು, ಕಣ್ಣು ಕೆಂಪಾಯಿತು. ಕೊನೆಗೆ ಒಂದು ಚಿಕಿತ್ಸಾಲಯಕ್ಕೆ ಕರೆದೊಯ್ದೆವು. ಅಲ್ಲಿ ಚರ್ಮವನ್ನು ಕೆರೆದು ನೋಡದೆಯೇ ‘ಕಜ್ಜಿ’ ಎಂದು ಹೇಳಿ ವಾರಕ್ಕೊಂದರಂತೆ ನಾಲ್ಕು ಚುಚ್ಚುಮದ್ದು ಕೊಟ್ಟರು. ಹಕ್ಕಳೆಗೆ ಅದರಿಂದ ಏನೂ ಆಗಲಿಲ್ಲ. (ಕಜ್ಜಿಗೆ ಕೊಡುವ ಐವರ್ಮೆಕ್ಟಿನ್ ಎಂಬ ಔಷಧ ಕೋಲಿ ಜಾತಿಯ ಹಲವು ನಾಯಿಗಳಿಗೆ ಮಿದುಳಿಗೆ ಏರಿ ಪ್ರಾಣಾಪಾಯ ತರುತ್ತದೆ, ಅದೂ ಒಂದು ವಂಶವಾಹಿಯ ದೋಷದಿಂದಲೇ ಎಂದು 2001ರಲ್ಲಿ ಪತ್ತೆಯಾಯಿತು. ತಳಿಯನ್ನು ಕೇಳದೆ ಚುಚ್ಚುವ ವೈದ್ಯರಿಂದ ದೂರವಿರುವುದು ಮೇಲು.)

ಇದೇ ಸಮಯಕ್ಕೆ ನಮ್ಮ ಬೀದಿಯ ಕರಿಯನಿಗೂ ಚರ್ಮರೋಗ ಬಂದಿತ್ತು. ಅವನದು ನಿಜವಾದ ಕಜ್ಜಿ; ಕಿವಿಯ ಅಂಚು, ಮೊಣಕೈ ಎಲ್ಲ ಕೂದಲು ಉದುರಿ ರಕ್ತ ಬರುವಂತೆ ಕೆರೆದುಕೊಳ್ಳುತ್ತಿದ್ದನು. ಹೆದ್ದಾರಿಯ ಬದಿಯ ಗ್ಯಾರೇಜಿನ ಹುಡುಗರು ಕರುಣೆಯಿಂದಲೇ ಅವನಿಗೆ ಲಾರಿಯ ಹಳೆಯ ಎಂಜಿನ್ ಆಯಿಲ್ ಬಳಿದಿದ್ದರು. ಈ ಪದ್ಧತಿ ನಮ್ಮಲ್ಲಿ ಬಹಳ ಕಡೆ ಇದೆ. ದಯವಿಟ್ಟು ಯಾರೂ ಮಾಡಬೇಡಿ. ಸುಟ್ಟ ಎಣ್ಣೆಯಲ್ಲಿ ಲೋಹದ ಅಂಶಗಳೂ ವಿಷ ವಸ್ತುಗಳೂ ಇರುತ್ತವೆ. ಚರ್ಮ ಸುಡುತ್ತದೆ, ನೆಕ್ಕಿದರೆ ಒಳಗೂ ಸೇರುತ್ತದೆ. ಹುಡುಗರನ್ನು ಬೈಯದೆ ವಿವರಿಸಿ, ಅಕ್ಕಿಹಿಟ್ಟು ಉದುರಿಸಿ ಎಣ್ಣೆಯನ್ನು ಹೀರಿಸಿ, ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದೆವು. ಆಮೇಲೆ ವೈದ್ಯರು ಕೊಟ್ಟ ಮಾತ್ರೆಯಿಂದ ಕರಿಯನು ಎರಡು ತಿಂಗಳೊಳಗೆ ಗುಣವಾದನು. ಹುಳುವಿನಿಂದ ಬಂದ ರೋಗ ಹುಳು ಸತ್ತೊಡನೆ ಹೋಯಿತು. ಮನೆಯೊಳಗೆ ಮೊಟ್ಟೆ, ಮೊಸರನ್ನ ತಿಂದುಕೊಂಡಿದ್ದ ಹೊನ್ನನದು ಮಾತ್ರ ಹೋಗಲಿಲ್ಲ.

ಕೊನೆಗೆ ಮಗನೇ ರಜೆ ಹಾಕಿ ಬಂದು ನಮ್ಮನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ದನು. 1958ರಲ್ಲಿ ಆರಂಭವಾದ ಸಂಸ್ಥೆ ಅದು. ಅಲ್ಲಿ ಕಾಯುವವರ ಬೆಂಚಿನ ಮೇಲೆ ಕುಳಿತ ಎರಡು ಗಂಟೆಗಳಲ್ಲಿ ನಾನು ಕಲಿತದ್ದು ಬಿ.ಇಡ್. ಓದಿದ ವರ್ಷ ಕಲಿತದ್ದಕ್ಕಿಂತ ಹೆಚ್ಚೆಂದರೆ ನನ್ನ ಗುರುಗಳು ಕ್ಷಮಿಸಬೇಕು. ಎಡಗಡೆ ಕುಳಿತ ಹೆಂಗಸಿನ ಮಡಿಲಲ್ಲಿ ಕಾಕರ್ ಸ್ಪ್ಯಾನಿಯಲ್. ಮೈಯೆಲ್ಲ ಜಿಡ್ಡು, ಕಮಟು ವಾಸನೆ, ಕಿವಿಯಲ್ಲಿ ಸದಾ ಸೋರಿಕೆ. ಆ ತಳಿಯಲ್ಲಿ ಚರ್ಮದ ಕೋಶಗಳು ಬೆಳೆದು ಉದುರುವ ವೇಗವೇ ಹುಟ್ಟಿನಿಂದ ಹೆಚ್ಚಿರುವ ಒಂದು ದೋಷ ಕಂಡುಬರುತ್ತದೆಯಂತೆ. ಅತ್ತಕಡೆ ಒಬ್ಬ ಯುವಕ, ಬೂದುನೀಲಿ ಬಣ್ಣದ ಡಾಬರ್‌ಮನ್. ಅಪರೂಪದ ಬಣ್ಣವೆಂದು ಹೆಚ್ಚು ದುಡ್ಡು ಕೊಟ್ಟು ತಂದಿದ್ದನಂತೆ. ಆ ಬಣ್ಣ ಬರುವುದೇ ಕೂದಲಿನೊಳಗೆ ವರ್ಣದ್ರವ್ಯವು ಸಮನಾಗಿ ಹರಡದೆ ಗಂಟುಕಟ್ಟುವುದರಿಂದ. ಅಂತಹ ಹಲವು ನಾಯಿಗಳ ಕೂದಲು ಮುರಿದು, ಒಂದೆರಡು ವರ್ಷಗಳಲ್ಲಿ ಬೆನ್ನು ಬೋಳಾಗುತ್ತದೆ. ಎದುರಿಗೆ ಬೇಸಿಗೆಯಲ್ಲಿ ಏದುಸಿರು ಬಿಡುತ್ತಿದ್ದ ಒಂದು ಹಸ್ಕಿ. ಮೂತಿಯ ಸುತ್ತ ಹೆಪ್ಪುಗಟ್ಟಿದ ಹಕ್ಕಳೆ. ಆಹಾರದಲ್ಲಿರುವ ಸತುವನ್ನು ಕರುಳು ಸರಿಯಾಗಿ ಹೀರಿಕೊಳ್ಳದ ದೋಷವು ಆ ತಳಿಯಲ್ಲಿದೆ, ಅದಕ್ಕೆ ಸತುವಿನ ಮಾತ್ರೆಯೇ ಮದ್ದು. ಒಬ್ಬೊಬ್ಬರದೂ ಒಂದೊಂದು ಕಥೆ. ಎಲ್ಲರಲ್ಲಿಯೂ ಸಮಾನವಾಗಿದ್ದದ್ದು ‘ನಾವು ಚೆನ್ನಾಗಿಯೇ ನೋಡಿಕೊಳ್ಳುತ್ತೇವೆ ಸಾರ್’ ಎಂಬ, ಯಾರೂ ಕೇಳದೆಯೇ ಆಡುತ್ತಿದ್ದ ಮಾತು. ನಾನೂ ಆ ಮಾತನ್ನು ಎರಡು ಬಾರಿ ಆಡಿದೆ.

ಹೊನ್ನನನ್ನು ನೋಡಿದ ವೈದ್ಯೆ ನನ್ನ ಕೊನೆಯ ತಂಡದ ವಿದ್ಯಾರ್ಥಿನಿಯರ ವಯಸ್ಸಿನವರು. ಮೊದಲು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಹುಳುಗಳಿಲ್ಲವೆಂದರು. ಅಂಟುಪಟ್ಟಿಯನ್ನು ಚರ್ಮಕ್ಕೆ ಒತ್ತಿ ತೆಗೆದು ಬೂಷ್ಟು, ಬ್ಯಾಕ್ಟೀರಿಯಾ ಹೆಚ್ಚಿಲ್ಲವೆಂದೂ ಖಚಿತಪಡಿಸಿಕೊಂಡರು. ಆ ಮೇಲೆ ಮರಗಟ್ಟುವ ಮದ್ದು ಕೊಟ್ಟು, ಬೇಳೆಯ ಗಾತ್ರದ ಚರ್ಮದ ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ವರದಿ ಬಂದಾಗ ನನ್ನನ್ನು ಕೂರಿಸಿ ಹೇಳಿದರು: ‘ಸರ್, ಇದು ಇಕ್ತಿಯೋಸಿಸ್. ಈ ತಳಿಯಲ್ಲಿ ಸಾಮಾನ್ಯ. ಹುಟ್ಟಿನಿಂದ ಬಂದದ್ದು. ಅಂಟುವುದಿಲ್ಲ. ವಾಸಿಯಾಗುವುದಿಲ್ಲ. ಆದರೆ ಪ್ರಾಣಕ್ಕೇನೂ ಇಲ್ಲ, ನೋಡಿಕೊಂಡರೆ ಸುಖವಾಗಿರುತ್ತಾನೆ.’ ಇಕ್ತಿಸ್ ಎಂದರೆ ಗ್ರೀಕಿನಲ್ಲಿ ಮೀನು. ಮೀನಿನ ಹುರುಪೆಯಂತಹ ಚರ್ಮ ಎಂದರ್ಥ.

ಚರ್ಮದ ಹೊರಪದರವನ್ನು ನೀವು ಇಟ್ಟಿಗೆಯ ಗೋಡೆಯೆಂದು ತಿಳಿಯಿರಿ. ಸತ್ತ ಕೋಶಗಳು ಇಟ್ಟಿಗೆಗಳು. ಅವುಗಳ ನಡುವಿನ ಕೊಬ್ಬಿನ ಅಂಶ ಗಾರೆ. ಕೆಳಗಿನಿಂದ ಹೊಸ ಕೋಶಗಳು ಹುಟ್ಟಿ ಮೇಲೇರುತ್ತವೆ. ನಾಯಿಯಲ್ಲಿ ಸುಮಾರು 3 ವಾರಗಳಲ್ಲಿ ಮೇಲೆ ಬಂದು, ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ ಉದುರುತ್ತವೆ. ಗಾರೆ ಸರಿಯಿಲ್ಲದಿದ್ದರೆ ಎರಡು ಕೇಡುಗಳಾಗುತ್ತವೆ. ಒಳಗಿನ ನೀರು ಹೊರಗೆ ಆವಿಯಾಗುತ್ತದೆ. ಹಳೆಯ ಇಟ್ಟಿಗೆಗಳು ಒಂದೊಂದಾಗಿ ಉದುರದೆ ಪದರ ಪದರವಾಗಿ ನಿಂತು, ಹಾಳೆಯಂತೆ ಕಿತ್ತುಬರುತ್ತವೆ. ನಾವು ಗುಡಿಸಿ ಹಾಕುತ್ತಿದ್ದ ಅವಲಕ್ಕಿ ಅದೇ. ಕೊಳೆಯಲ್ಲ, ಹುಳುವಲ್ಲ, ನಮ್ಮ ಅಲಕ್ಷ್ಯವೂ ಅಲ್ಲ.

ಅವರು ಮುಂದೆ ಹೇಳಿದ ಮಾತಿಗೆ ನಾನು ಕುರ್ಚಿಯಲ್ಲಿ ನೆಟ್ಟಗಾದೆ. ‘ತಂದೆ ತಾಯಿ ನಾಯಿಗಳೆರಡೂ ನೋಡಲು ಚೆನ್ನಾಗಿಯೇ ಇದ್ದಿರಬಹುದು ಸರ್. ಎರಡೂ ವಾಹಕಗಳಾಗಿದ್ದರೆ ಸಾಕು.’ ವಿದ್ಯಾರ್ಥಿಗಳೇ, ಇದನ್ನು ನಾನು 30 ವರ್ಷಗಳಿಗೂ ಹೆಚ್ಚು ಕಾಲ ಕರಿಹಲಗೆಯ ಮೇಲೆ ಬರೆದಿದ್ದೇನೆ! ಮೆಂಡಲನು 1866ರಲ್ಲಿ ಪ್ರಕಟಿಸಿ, 1900ರ ತನಕ ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳದ ಬಟಾಣಿ ಗಿಡಗಳ ಆ ಲೆಕ್ಕ. ಎತ್ತರದ ಗಿಡ, ಗಿಡ್ಡ ಗಿಡ, ಪ್ರಬಲ ಗುಣ, ದುರ್ಬಲ ಗುಣ, ನಾಲ್ಕು ಮನೆಯ ಚೌಕ, ಮೂರಕ್ಕೆ ಒಂದು. ದುರ್ಬಲ ಗುಣದ ವಂಶವಾಹಿ ಒಂದೇ ಇದ್ದರೆ ಅಡಗಿ ಕುಳಿತಿರುತ್ತದೆ, ತಂದೆಯಿಂದೊಂದು ತಾಯಿಯಿಂದೊಂದು ಬಂದು ಎರಡು ಸೇರಿದಾಗ ಹೊರಬೀಳುತ್ತದೆ. ಎರಡೂ ವಾಹಕಗಳಾದ ನಾಯಿಗಳನ್ನು ಕೂಡಿಸಿದರೆ ಪ್ರತಿ ಮರಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ರೋಗವಿಲ್ಲದೆ ಚೆನ್ನಾಗಿ ಕಾಣುವ ಒಡಹುಟ್ಟುಗಳಲ್ಲಿ ಮೂರಕ್ಕೆ ಎರಡು ಪಾಲು ಮತ್ತೆ ವಾಹಕಗಳೇ. ಪರೀಕ್ಷೆಗೆ ಬರುವ ಪ್ರಶ್ನೆಯೆಂದು ನಿಮ್ಮಿಂದ ಎಷ್ಟು ಬಾರಿ ಈ ಚೌಕ ಬರೆಯಿಸಿಲ್ಲ! ಅದು ಬಾಲ ಅಲ್ಲಾಡಿಸುತ್ತ ನನ್ನ ಕಾಲ ಬಳಿಯೇ ಮಲಗಿದ್ದಾಗ ಗುರುತು ಹತ್ತಲಿಲ್ಲ.

ಕುಣಿಗಲ್ಲಿನ ಕಡೆ ಕೆಲಸ ಮಾಡುತ್ತಿದ್ದ ವರ್ಷಗಳಲ್ಲಿ ಮಕ್ಕಳನ್ನು ಅಲ್ಲಿನ ಕುದುರೆ ಫಾರಂ ನೋಡಲು ಕರೆದೊಯ್ದದ್ದು ಕೆಲವರಿಗೆ ನೆನಪಿರಬಹುದು. ಟಿಪ್ಪುವಿನ ಕಾಲದ ಹೆಸರು ಹೊತ್ತ ಜಾಗ. ಜೂಜಿನ ಕುದುರೆಯ ಒಂದು ಮರಿ ಹುಟ್ಟಿದರೆ ಅದರ ತಂದೆ ಯಾವುದು, ತಾಯಿ ಯಾವುದು, ಅವುಗಳ ಹಿಂದಿನವು ಯಾವುವು ಎಂಬುದಕ್ಕೆ ಪುಸ್ತಕವಿರುತ್ತದೆ. ಹೊನ್ನನ ತಂದೆ ತಾಯಿಗಳ ಹೆಸರನ್ನು ಮಗ ಕೇಳಿಯೇ ಇರಲಿಲ್ಲ. ಮಾರಿದವನು ಒಂದು ಫೋಟೋ ತೋರಿಸಿದ್ದನಂತೆ, ಅದೂ ಬೇರೆ ನಾಯಿಗಳದೇ ಇರಬಹುದು. ರೋಗದ ವಿಷಯ ತಿಳಿಸಲು ಮಗ ಕರೆ ಮಾಡಿದಾಗ ‘ಬೇಕಾದರೆ ವಾಪಸು ಕೊಡಿ, ಬೇರೆ ಮರಿ ಕೊಡುತ್ತೇನೆ’ ಎಂದನಂತೆ. ವಾಪಸು ಪಡೆದ ಮರಿಯನ್ನು ಏನು ಮಾಡುತ್ತಾರೆಂದು ಕೇಳುವ ಧೈರ್ಯ ನಮಗಾಗಲಿಲ್ಲ. ನಾಯಿ ಸಾಕಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, 8 ವಾರ ತುಂಬದ ಮರಿಗಳನ್ನು ಮಾರಬಾರದು ಎಂದು ಕೇಂದ್ರ ಸರ್ಕಾರವು 2017ರಲ್ಲಿಯೇ ನಿಯಮ ಮಾಡಿದೆ. ಕೊಳ್ಳುವ ನಾವು ಕೇಳಬೇಕಷ್ಟೆ. ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ತೆಗೆದ ಎಂಜಲಿನಿಂದ ಈ ವಂಶವಾಹಿ ಇದೆಯೋ ಇಲ್ಲವೋ ಎಂದು ತಿಳಿಯುವ ಪರೀಕ್ಷೆಯೂ ಇದೆ. ನಾವು ಹೊನ್ನನಿಗೆ ಮಾಡಿಸಲಿಲ್ಲ, ಆರೈಕೆ ಅದರಿಂದ ಬದಲಾಗುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಬಿಟ್ಟೆವು. ಪರೀಕ್ಷೆ ಬೇಕಾಗಿರುವುದು ಮರಿ ಹಾಕಿಸುವವರಿಗೆ.

ಇನ್ನು ಸ್ನಾನದ ವಿಷಯ. ಮೊದಲ ತಿಂಗಳು ವಾರಕ್ಕೆ 2 ಬಾರಿ, ಆಮೇಲೆ ವಾರಕ್ಕೆ 1 ಬಾರಿ. ಈಗ ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆಯಾದರೂ ನಡೆಯುತ್ತದೆ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಬಿಸಿಲು ಹಿತ್ತಲಿಗೆ ಬಂದ ಮೇಲೆ, ಒಗೆಯುವ ಕಲ್ಲಿನ ಪಕ್ಕ. ನೀರು ಉಗುರುಬೆಚ್ಚಗಿರಬೇಕು, ಬಿಸಿ ಹೆಚ್ಚಾದರೆ ಚರ್ಮ ಇನ್ನಷ್ಟು ಒಣಗುತ್ತದೆ. ಮೊದಲು ಮೃದುವಾದ ಬ್ರಷ್ಷಿನಿಂದ ಬಾಚಿ ಸಡಿಲವಾದ ಹಕ್ಕಳೆಯನ್ನು ತೆಗೆಯುತ್ತೇನೆ. ಅಂಟಿಕೊಂಡದ್ದನ್ನು ಕೀಳುವುದಿಲ್ಲ; ಕಿತ್ತರೆ ಕೆಳಗಿನ ಹಸಿ ಚರ್ಮ ತೆರೆದು ಸೋಂಕು ತಗಲುತ್ತದೆ. ಆನಂತರ ಬುಡದ ತನಕ ನೀರು ಇಳಿಯುವಂತೆ ನೆನೆಸಬೇಕು. ಗೋಲ್ಡನ್ ನಾಯಿಯ ಕೂದಲು ಎರಡು ಪದರ. ಮೇಲೆ ಸುರಿದ ನೀರು ಕೆಸುವಿನ ಎಲೆಯ ಮೇಲಿನಂತೆ ಜಾರಿಹೋಗುತ್ತದೆ, ಐದು ನಿಮಿಷ ಕೈಯಾಡಿಸಿದರೇನೇ ಒಳಗೆ ಇಳಿಯುವುದು.

ವೈದ್ಯೆ ಕೊಟ್ಟಿರುವ ಶಾಂಪೂ ನಾಯಿಗಳಿಗೆಂದೇ ಮಾಡಿದ್ದು. ಮನುಷ್ಯರ ಚರ್ಮ ಸ್ವಲ್ಪ ಆಮ್ಲೀಯ, ನಾಯಿಯದು ತಟಸ್ಥಕ್ಕೆ ಹತ್ತಿರ. ಅದರ ಹೊರಚರ್ಮ ನಮ್ಮದಕ್ಕಿಂತ ತೆಳು. ಆದುದರಿಂದ ನಮ್ಮ ಶಾಂಪೂ ಅದಕ್ಕೆ ಆಗಿಬರುವುದಿಲ್ಲ. ಹಕ್ಕಳೆ ದಪ್ಪವಾಗಿದ್ದ ಆರಂಭದ ದಿನಗಳಲ್ಲಿ ಸ್ಯಾಲಿಸಿಲಿಕ್ ಆಮ್ಲ, ಗಂಧಕ ಇರುವುದನ್ನು ಕೊಟ್ಟಿದ್ದರು. ಅದು ಸತ್ತ ಪದರವನ್ನು ಸಡಿಲಿಸುತ್ತದೆ. ಮೈ ಹಸನಾಗುತ್ತ ಬಂದಂತೆ ಅದನ್ನು ನಿಲ್ಲಿಸಿ ಬರಿಯ ತೇವ ಕೊಡುವ ಸೌಮ್ಯವಾದದ್ದಕ್ಕೆ ಬದಲಾಯಿಸಿದರು. ಕಡುವಾದದ್ದನ್ನೇ ಮುಂದುವರಿಸಿದರೆ ಚರ್ಮ ಒಣಗಿ ರೋಗ ಮರಳುತ್ತದೆಯಂತೆ. ನಡುವೆ ಒಂದು ಮಳೆಗಾಲದಲ್ಲಿ ಕಂಕುಳಲ್ಲಿ ಬೂಷ್ಟಿನ ಸೋಂಕು ಬಂದು ವಾಸನೆ, ತುರಿಕೆ ಎರಡೂ ಶುರುವಾದಾಗ ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂವನ್ನು ಮೂರು ವಾರ ಬಳಸಿದೆವು.

ಯಾವ ಶಾಂಪೂವಾದರೂ ನೊರೆ ಮೈಮೇಲೆ 10 ನಿಮಿಷ ಇರಬೇಕು. ಚಿಕಿತ್ಸೆಯ ಜೀವಾಳ ಇರುವುದೇ ಇಲ್ಲಿ. ಹಚ್ಚಿದ ಕೂಡಲೇ ತೊಳೆದರೆ ಹಣವನ್ನು ಬಚ್ಚಲಿಗೆ ಸುರಿದಂತೆ. ಹತ್ತು ನಿಮಿಷವೆಂದರೆ ನಾಯಿಗೂ ನನಗೂ ಒಂದು ಯುಗ. ನಮ್ಮ ತುಮಕೂರಿನಲ್ಲೇ ತಯಾರಾದ ಎಚ್.ಎಂ.ಟಿ. ಗಡಿಯಾರವೊಂದು ನನ್ನ ಕೈಯಲ್ಲಿದೆ. ಕಾರ್ಖಾನೆ ಮುಚ್ಚಿತು, ಗಡಿಯಾರ ನಿಂತಿಲ್ಲ. ಅದನ್ನು ನೋಡುತ್ತ, ಹೊನ್ನನ ಕತ್ತು ಹಿಡಿದುಕೊಂಡು, ಮಗ್ಗಿ ಹೇಳುತ್ತೇನೆ. ಹತ್ತೊಂಬತ್ತರ ಮಗ್ಗಿಯ ತನಕ ಬಂದರೆ ಸಮಯವಾಯಿತೆಂದು ಅವನಿಗೂ ಗೊತ್ತು, ಮೈ ಕೊಡವಲು ಸಿದ್ಧನಾಗುತ್ತಾನೆ. ಆಮೇಲೆ ನೊರೆಯ ಸುಳಿವಿಲ್ಲದಂತೆ ತೊಳೆಯಬೇಕು. ಕೊನೆಗೆ ಗ್ಲಿಸರಿನ್, ಯೂರಿಯಾ ಮುಂತಾದ ತೇವ ಹಿಡಿದಿಡುವ ವಸ್ತುಗಳಿರುವ ದ್ರಾವಣವನ್ನು ಸಿಂಪಡಿಸಬೇಕು. ಊಟದಲ್ಲಿ ಮೀನೆಣ್ಣೆ. ಶಾಕಾಹಾರಿಗಳಾದ ನಮ್ಮ ಮನೆಯವರು ಆ ಮಾತ್ರೆಯನ್ನು ಇಕ್ಕಳದಿಂದ ಹಿಡಿದು ಹಾಕುತ್ತಾರೆ!

ಹಚ್ಚಬಾರದ್ದನ್ನೂ ಹೇಳಿಬಿಡಬೇಕು, ಏಕೆಂದರೆ ನಾಯಿಗೆ ಹಚ್ಚಿದ್ದು ನಾಯಿಯ ಹೊಟ್ಟೆಗೂ ಹೋಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಸ್ಟಿರಾಯ್ಡ್ ಬೆರೆಸಿದ ಮುಲಾಮುಗಳನ್ನು ಸಿಕ್ಕ ಸಿಕ್ಕಲ್ಲಿ ಬಳಿಯಬೇಡಿ. ಚರ್ಮ ಇನ್ನೂ ತೆಳುವಾಗುತ್ತದೆ. ಸೋರಿಯಾಸಿಸ್ ರೋಗಿಗಳು ಹಚ್ಚಿಕೊಳ್ಳುವ ಕ್ಯಾಲ್ಸಿಪೋಟ್ರಿಯಾಲ್ ಎಂಬ ಮುಲಾಮಿನ ಟ್ಯೂಬನ್ನು ನಾಯಿ ಕಚ್ಚಿ ತಿಂದರೆ ರಕ್ತದಲ್ಲಿ ಸುಣ್ಣದ ಅಂಶ ಏರಿ ಮೂತ್ರಪಿಂಡ ಕೆಟ್ಟು ಸಾಯಬಹುದು. ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಆ ಟ್ಯೂಬು ಟೀಪಾಯಿಯ ಮೇಲೆಯೇ ಇತ್ತು. ಅವರಿಗೆ ಹೇಳಿ ಬೀರುವಿನಲ್ಲಿ ಇಡಿಸಿದೆ. ‘ನೈಸರ್ಗಿಕ’ವೆಂದು ಮಾರುವ ಟೀ ಟ್ರೀ ಎಣ್ಣೆಯೂ ನಾಯಿಗೆ ವಿಷವೇ. ನನ್ನ ಹೊಂಗೆಯೆಣ್ಣೆಯ ಕಥೆ ಮೇಲೆ ಹೇಳಿಯಾಗಿದೆ.

ಈಗ ಆ ಇನ್ನೊಬ್ಬನ ವಿಷಯ.

1992ರ ಸುಮಾರಿಗೆ ನಾನಿದ್ದ ಒಂದು ಶಾಲೆಯ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು, ಊರು ಬೇಡ. ಕೈಕಾಲುಗಳ ಚರ್ಮವೆಲ್ಲ ಒಡೆದ ಕೆರೆಯಂಗಳದಂತೆ. ಅವನು ಕುಳಿತೆದ್ದ ಬೆಂಚಿನ ಮೇಲೆ ಬಿಳಿಯ ಹುಡಿ. ಹುಡುಗರು ಅವನಿಗೆ ‘ಪೊರೆ’ ಎಂದು ಅಡ್ಡಹೆಸರಿಟ್ಟಿದ್ದರು. ಮನೆಯವರು ನಾಗದೋಷವೆಂದು ನಂಬಿ ಘಾಟಿ ಸುಬ್ರಹ್ಮಣ್ಯಕ್ಕೆ ವರ್ಷಕ್ಕೆರಡು ಬಾರಿ ಹೋಗಿಬರುತ್ತಿದ್ದರು. ತಾಯಿಯನ್ನು ಕೊಟ್ಟಿದ್ದದ್ದು ಅವಳ ಸ್ವಂತ ಸೋದರಮಾವನಿಗೆ. ನಮ್ಮ ಕಡೆ ಇದು ಯಾರ ಹುಬ್ಬನ್ನೂ ಏರಿಸುವ ಸಂಗತಿಯಲ್ಲ. ಬಿಸಿಲು ಏರಿದರೆ ಹುಡುಗ ಅನುಮತಿ ಕೇಳದೆ ಎದ್ದು ಹೋಗಿ ನಲ್ಲಿಯ ಕೆಳಗೆ ತಲೆ, ಅಂಗಿ ಎಲ್ಲ ನೆನೆಸಿಕೊಂಡು ಬಂದು ಕೂರುತ್ತಿದ್ದ. ಇದು ಉದ್ಧಟತನವೆಂದು ನಾನು ಎಣಿಸಿದೆ. ಒಂದು ದಿನ ಹಾಗೆ ತೊಟ್ಟಿಕ್ಕುತ್ತ ಒಳಗೆ ಬಂದವನನ್ನು ನಿಲ್ಲಿಸಿ, ಇಡೀ ತರಗತಿಯ ಮುಂದೆ, ‘ಇಲ್ಲಿ ಬಂದು ನೆನೆಯುವ ಬದಲು ಮನೆಯಲ್ಲಿ ನೆಟ್ಟಗೆ ಮೈ ಉಜ್ಜಿ ಸ್ನಾನ ಮಾಡಿಕೊಂಡು ಬಾರೋ’ ಎಂದೆ. ಎಲ್ಲರೂ ನಕ್ಕರು. ಅವನನ್ನು ಕೊನೆಯ ಬೆಂಚಿಗೆ, ಒಬ್ಬನೇ ಕೂರುವಂತೆ ಕಳುಹಿಸಿದೆ. ವರ್ಷದ ಕೊನೆಯ ತನಕ ಅಲ್ಲಿಯೇ ಕುಳಿತ. ಅದೇ ವರ್ಷ, ಅದೇ ತರಗತಿಗೆ, ನಾನು ಮೆಂಡಲನ ಪಾಠ ಮಾಡಿದೆ.

ಹೊನ್ನನ ರೋಗದ ಬಗ್ಗೆ ಓದುತ್ತ ಹೋದಾಗ ಒಂದು ಸಂಗತಿ ಸಿಕ್ಕಿತು. ಗೋಲ್ಡನ್ ರಿಟ್ರೀವರ್ ನಾಯಿಗಳಲ್ಲಿ ಈ ರೋಗಕ್ಕೆ ಕಾರಣವಾದ ವಂಶವಾಹಿಯನ್ನು 2012ರಲ್ಲಿ ಫ್ರಾನ್ಸಿನ ವಿಜ್ಞಾನಿಗಳನ್ನೊಳಗೊಂಡ ತಂಡವೊಂದು ಗುರುತಿಸಿ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಪ್ರಕಟಿಸಿತು. ಅದರ ಹೆಸರು ಪಿಎನ್‌ಪಿಎಲ್‌ಎ1. ನಾಯಿಯಲ್ಲಿ ಸಿಕ್ಕ ಮೇಲೆ ಅವರು ಮನುಷ್ಯರಲ್ಲಿ ಹುಡುಕಿದರು. ಹುಟ್ಟಿನಿಂದ ಇಕ್ತಿಯೋಸಿಸ್ ಇದ್ದ ಕೆಲವು ಕುಟುಂಬಗಳಲ್ಲಿ ಅದೇ ವಂಶವಾಹಿ ಕೆಟ್ಟಿರುವುದು ಕಂಡಿತು. ಮನುಷ್ಯರಲ್ಲಿ ಈ ಬಗೆಯ ರೋಗಗಳು ಇನ್ನೂ ಹಲವು ವಂಶವಾಹಿಗಳಿಂದ ಬರುತ್ತವೆ. ಒಂದು ವ್ಯತ್ಯಾಸವಿದೆ. ನಾಯಿ ಮೈಯ ತಾಪವನ್ನು ಕಳೆಯುವುದು ನಾಲಗೆ ಚಾಚಿ ತೇಕುವುದರಿಂದ. ಚರ್ಮ ಹಕ್ಕಳೆಗಟ್ಟಿದರೆ ಅದಕ್ಕೆ ಅಷ್ಟು ತೊಂದರೆಯಿಲ್ಲ. ಮನುಷ್ಯನು ಬೆವರಬೇಕು. ಬೆವರಿನ ರಂಧ್ರಗಳು ಮುಚ್ಚಿಹೋದವನಿಗೆ ಬಿಸಿಲಿನಲ್ಲಿ ಮೈ ಕಾದು ತಲೆ ಸುತ್ತುತ್ತದೆ, ನೀರು ಸುರಿದುಕೊಳ್ಳದೆ ಬೇರೆ ದಾರಿಯಿಲ್ಲ.

ಇದನ್ನು ಓದಿದ ಮಧ್ಯಾಹ್ನ ನಾನು ಬಹಳ ಹೊತ್ತು ಎದ್ದೇಳಲಿಲ್ಲ.

ನಿಮ್ಮಲ್ಲೇ ಒಬ್ಬರ ಮೂಲಕ ಆತನ ದೂರವಾಣಿ ಸಂಖ್ಯೆ ಸಿಕ್ಕಿತು. ಒಂದು ವಾರ ಅದನ್ನು ಮೇಜಿನ ಮೇಲಿಟ್ಟುಕೊಂಡಿದ್ದು, ಕೊನೆಗೆ ಕರೆ ಮಾಡಿದೆ. ಗುರುತು ಹಿಡಿದು ‘ಸಾರ್! ಹೇಗಿದ್ದೀರಿ ಸಾರ್, ಅಮ್ಮಾವ್ರು ಹೇಗಿದ್ದಾರೆ?’ ಎಂದ. ಕುಶಲ ಮುಗಿದ ಮೇಲೆ ನಾನು ಆ ದಿನದ ವಿಷಯ ತೆಗೆದು, ನಿನಗೆ ನೆನಪಿರಲಿಕ್ಕಿಲ್ಲ ಎಂದೆ.

‘ನೆನಪಿದೆ ಸಾರ್. ಅವತ್ತು ಬೆಳಿಗ್ಗೆ ಎರಡು ಸಲ ಸ್ನಾನ ಮಾಡಿದ್ದೆ. ನಮ್ಮವ್ವ ಸೀಗೆಕಾಯಿ ಹಾಕಿ ಉಜ್ಜಿದ್ಲು, ಉರೀತಿತ್ತು.’

ತಪ್ಪಾಯಿತಪ್ಪಾ ಎಂದೆ. ಮೂವತ್ತು ವರ್ಷ ತಡವಾಗಿ ಹೇಳುವ ಆ ಮಾತು ಎಷ್ಟು ಚಿಕ್ಕದೆಂದು ಹೇಳುವಾಗಲೇ ತಿಳಿಯಿತು. ಅವನು ಇರಲಿ ಎನ್ನಲಿಲ್ಲ, ಬಿಡಿ ಸಾರ್ ಎನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: ‘ಈಗ ಯಾಕೆ ಸಾರ್ ನೆನಪಾಯ್ತು?’ ನಾಯಿಯ ಕಥೆಯನ್ನು ಹೇಳಿದೆ. ಒಬ್ಬ ಮನುಷ್ಯನ ಕಷ್ಟವನ್ನು ನಾಯಿಯಿಂದ ತಿಳಿದುಕೊಂಡೆನೆಂದು ಹೇಳುವುದು ಅವಮಾನವಾದೀತೇನೋ ಎಂಬ ಅಂಜಿಕೆಯಿತ್ತು. ಅವನು ಜೋರಾಗಿ ನಕ್ಕ. ಆಮೇಲೆ ಅವನೇ ಹೇಳಿದ ಮಾತುಗಳನ್ನು ಅವನ ಅನುಮತಿಯಿಂದಲೇ ಬರೆಯುತ್ತಿದ್ದೇನೆ.

‘ನೀವು ಅವತ್ತು ಬೋರ್ಡ್ ಮೇಲೆ ಚೌಕ ಬರೆದ್ರಲ್ಲ ಸಾರ್, ಕೊನೇ ಬೆಂಚಲ್ಲಿ ಕೂತ್ಕೊಂಡು ಅದನ್ನೇ ನೋಡ್ತಿದ್ದೆ. ನಮ್ಮಪ್ಪ ನಮ್ಮವ್ವಂಗೆ ಮಾವ. ನಮ್ಮವ್ವನ ತಾಯಿ, ನಮ್ಮಪ್ಪ ಅಕ್ಕ ತಮ್ಮ. ಇಬ್ಬರಿಗೂ ಒಂದೇ ಕಡೆಯಿಂದ ಬಂದಿರಬೇಕು ಅಂತ ಆವತ್ತೇ ಅನ್ನಿಸ್ತು. ನಾಗಪ್ಪ ಏನೂ ಮಾಡಿಲ್ಲ ಅಂತ ಗೊತ್ತಾಯ್ತು.’ ಮುಂದೆ ಅವನಿಗೆ ಅಕ್ಕನ ಮಗಳನ್ನೇ ಕೊಡುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತಂತೆ. ಅವನು ಒಂದು ಕಾಗದದಲ್ಲಿ ಲೆಕ್ಕ ಹಾಕಿದನಂತೆ. ಅಕ್ಕನಿಗೆ ರೋಗವಿಲ್ಲ, ಆದರೆ ವಾಹಕಳಾಗಿರುವ ಸಂಭವ ಮೂರರಲ್ಲಿ ಎರಡು. ಅವಳ ಮಗಳಿಗೆ ಅದು ಬಂದಿರುವ ಸಂಭವ ಅದರ ಅರ್ಧ, ಮೂರರಲ್ಲಿ ಒಂದು. ತನ್ನಿಂದಂತೂ ಖಂಡಿತ ಒಂದು ಹೋಗುತ್ತದೆ. ಆದುದರಿಂದ ಹುಟ್ಟುವ ಪ್ರತಿ ಮಗುವಿಗೂ ಆರರಲ್ಲಿ ಒಂದು ಸಂಭವ. ನಾನು ದೂರವಾಣಿ ಹಿಡಿದುಕೊಂಡೇ ಪೆನ್ಸಿಲಿನಿಂದ ಲೆಕ್ಕ ಹಾಕಿ ನೋಡಿದೆ. ಸರಿಯಾಗಿತ್ತು. ಮದುವೆಯನ್ನು ನಿರಾಕರಿಸಿದ, ಅಕ್ಕ ಆರು ವರ್ಷ ಮಾತು ಬಿಟ್ಟಳಂತೆ. ದೂರದ, ಸಂಬಂಧವಿಲ್ಲದ ಮನೆಯ ಹೆಣ್ಣನ್ನು ಮದುವೆಯಾದ. ಇಬ್ಬರು ಮಕ್ಕಳು, ಇಬ್ಬರ ಚರ್ಮವೂ ಚೆನ್ನಾಗಿದೆ. ‘ಆದ್ರೆ ಎರಡೂ ಕ್ಯಾರಿಯರ್ರೇ ಸಾರ್. ಅವರಿಗೂ ಚೌಕ ಬರೆದು ತೋರಿಸಿದ್ದೀನಿ, ಸಂಬಂಧದಲ್ಲಿ ಬೇಡ ಅಂತ.’

ಆ ವರ್ಷ ವಿಜ್ಞಾನದಲ್ಲಿ ಅವನಿಗೆ ನಾನು ಎಷ್ಟು ಅಂಕ ಕೊಟ್ಟಿದ್ದೆನೆಂದು ಕೇಳಲಿಲ್ಲ.

ಕೊನೆಗೆ ಅವನೇ ವಿಚಾರಿಸಿದ: ‘ನಾಯಿಗೆ ಸ್ನಾನ ಆದ್ಮೇಲೆ ಔಷಧಿ ಯಾವಾಗ ಹೊಡೀತೀರಾ ಸಾರ್?’ ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ಮೇಲೆ ಎಂದೆ. ‘ಅಲ್ಲೇ ತಪ್ಪು ಮಾಡ್ತಿದ್ದೀರ. ಟವೆಲ್ ಒತ್ತಿ, ಇನ್ನೂ ಒದ್ದೆ ಇರುವಾಗಲೇ ಹಚ್ಚಬೇಕು. ನೀರನ್ನ ಒಳಗೇ ಹಿಡಿದಿಡೋಕೆ ಅಲ್ವಾ ಅದು ಇರೋದು? ಒಣಗಿದ ಮೇಲೆ ಏನಿರುತ್ತೆ ಹಿಡಿಯೋಕೆ? ನಾನು ದಿನಾ ಯೂರಿಯಾ ಕ್ರೀಮು ಹಚ್ಚೋದು ಬಚ್ಚಲಲ್ಲೇ, ಮೂರು ನಿಮಿಷದೊಳಗೆ. ಉಜ್ಜಬೇಡಿ, ಒತ್ತಿ.’ ಅವನ ಕ್ರೀಮನ್ನು ನಾಯಿಗೆ ಹಚ್ಚಬಾರದೆಂದೂ, ನೆಕ್ಕಿಬಿಡುತ್ತದೆಂದೂ ಅವನೇ ಎಚ್ಚರಿಸಿದ. ಹೆಬ್ಬಾಳದ ವೈದ್ಯೆಗೆ ಕೇಳಿದೆ. ‘ಅವರು ಹೇಳಿದ್ದು ಸರಿ ಸರ್, ನಾನೂ ಚೀಟಿಯಲ್ಲಿ ಬರೆದಿದ್ದೆನಲ್ಲ’ ಎಂದರು. ಚೀಟಿ ತೆಗೆದು ನೋಡಿದರೆ ಬರೆದಿತ್ತು.

ನಾಲ್ಕು ಗುರುವಾರಗಳಿಂದ ಹಾಗೆಯೇ ಮಾಡುತ್ತಿದ್ದೇನೆ. ಕೆಂಪು ನೆಲದ ಮೇಲಿನ ಅವಲಕ್ಕಿ ಕಡಿಮೆಯಾಗಿದೆ, ಹೊಟ್ಟೆಯ ಚರ್ಮ ಕೈಗೆ ಮೆತ್ತಗೆ ಸಿಗುತ್ತದೆ. ಆತ ದಸರಾ ರಜೆಯಲ್ಲಿ ಮಕ್ಕಳೊಂದಿಗೆ ಬರುತ್ತೇನೆಂದಿದ್ದಾನೆ. ಮಕ್ಕಳಿಗೆ ಹೊನ್ನನನ್ನು ನೋಡಬೇಕಂತೆ. ಇಂದು ಗುರುವಾರ. ನೀರು ಕಾದಿದೆಯೆಂದು ಒಳಗಿನಿಂದ ಕೂಗು ಬಂತು, ಹೊನ್ನನು ಆಗಲೇ ಮಂಚದ ಕೆಳಗೆ ಸೇರಿದ್ದಾನೆ.